ಅಮ್ಮನನ್ನು ವಜಾಗೊಳಿಸಲಾಗಿದೆ

ಶತ್ರು ಹೊರಗಿನಿಂದ ಬರುತ್ತಾನೆಂದು ನಂಬಿ ಮನೆಬಾಗಿಲಿಗೆ ಕಾವಲು ಹಾಕಿಸಿದವರು ನಮ್ಮ ಕೋರ್ಟ್ ಗುಮಾಸ್ತರು. ಆ ಕಾವಲು ತಮ್ಮ ಅಂಗಿಯ ಜೇಬಿನಲ್ಲೇ ಬಿಡಾರ ಹೂಡಿ ಹಗಲೆಲ್ಲ ಎದೆಗೆ ಗುದ್ದುತ್ತಿರುತ್ತದೆ ಎಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಎಲ್ಲ ಶುರುವಾದದ್ದು ಒಂದು ಚಪ್ಪಲಿಯಿಂದ. ಜೊತೆಯಲ್ಲ, ಒಂದೇ ಒಂದು, ಎಡಗಾಲಿನದು. ಬಾಗಿಲ ಹೊರಗೆ ಬಿಟ್ಟದ್ದು ಬೆಳಗ್ಗೆ ನೋಡಿದರೆ ಇಲ್ಲ.

"ಎಡಗಾಲಿನ ಚಪ್ಪಲಿ ಮಾತ್ರ ಕದಿಯೋ ಕಳ್ಳ ಎಲ್ಲಾದ್ರೂ ಇರ್ತಾನೇನ್ರೀ? ಅದು ನಾಯಿ ಕೆಲಸ," ಎಂದಳು ಹೆಂಡತಿ.

"ಸಾಕ್ಷಿ ಇಲ್ಲದೆ ನಾಯಿ ಮೇಲೆ ಆರೋಪ ಹೊರಿಸಬಾರದು," ಎಂದರು ಗುಮಾಸ್ತರು. ಸಾಕ್ಷಿ ಒದಗಿಸುವ ಸಲುವಾಗಿ ಅಂಗಡಿಗೆ ಹೋಗಿ, ಇಡೀ ಬೀದಿಗೆ ಚಪ್ಪಲಿ ಕೊಡಿಸಬಹುದಾಗಿದ್ದ ಬೆಲೆಗೆ ಒಂದು ಕರೆಗಂಟೆ ತಂದರು. ಅದಕ್ಕೆ ಕಣ್ಣಿತ್ತು, ಕಿವಿಯಿತ್ತು, ಬಾಯಿಯಿತ್ತು. (ಬುದ್ಧಿಯ ವಿಷಯ ಡಬ್ಬಿಯ ಮೇಲೆ ಬರೆದಿರಲಿಲ್ಲ. ಬರೆಯದಿದ್ದುದನ್ನು ಇವರು ಗಮನಿಸಲಿಲ್ಲ.) ಗುಮಾಸ್ತರು ಅದಕ್ಕೆ ದ್ವಾರಪಾಲಕ ಎಂದು ಹೆಸರಿಟ್ಟರು. ಹೆಂಡತಿ ಎರಡು ದಿನ ನೋಡಿ ಚಾಡಿಕೋರ ಎಂದು ಹೆಸರು ಬದಲಾಯಿಸಿದಳು.

ಚಾಡಿಯಂಥ ಚಾಡಿಯೇ! ಬಾಗಿಲ ಮುಂದೆ ಬೆಕ್ಕು ಮೈಮುರಿದರೆ ಎಚ್ಚರಿಕೆ. ಪತ್ರಿಕೆ ಬಿದ್ದರೆ ಎಚ್ಚರಿಕೆ. ಒಗೆದ ಬಟ್ಟೆಯ ನೆರಳು ಅಲುಗಿದರೆ ಎಚ್ಚರಿಕೆ. ಗುಮಾಸ್ತರ ತಾಯಿ ಬೀದಿ ನೋಡಲು ಮೆಟ್ಟಿಲ ಮೇಲೆ ನಿಂತರೆ ಎಚ್ಚರಿಕೆ, ನೋಡಿ ಸಾಕಾಗಿ ಒಳಗೆ ಬಂದರೆ ಇನ್ನೊಂದು ಎಚ್ಚರಿಕೆ. ಪ್ರತಿಯೊಂದೂ ಗುಮಾಸ್ತರ ಫೋನಿಗೆ ಬರಬೇಕು, ಅವರು ಗುಂಡಿ ಒತ್ತಿ ಅದನ್ನು ತೆಗೆದುಹಾಕಬೇಕು. ಒತ್ತುವುದು ಕೊಂಚ ತಡವಾದರೆ ದ್ವಾರಪಾಲಕ ಮನೆಗೆ ಬೆಂಕಿ ಬಿದ್ದವನ ಹಾಗೆ ಸೈರನ್ ಊದುತ್ತಿದ್ದ. ಮೊದಲ ಸಲ ಊದಿದಾಗ ಬೀದಿಯವರೆಲ್ಲ ಓಡಿಬಂದರು. ಎರಡನೆಯ ಸಲ ಕಿಟಕಿಯಿಂದ ಇಣುಕಿದರು. ಮೂರನೆಯ ಸಲ ಕಿಟಕಿ ಮುಚ್ಚಿಕೊಂಡರು.

ಹೀಗಿರುವಾಗ ಒಂದು ದಿನ ಕೋರ್ಟಿನಲ್ಲಿ ಎರಡು ಮನೆಗಳ ನಡುವಿನ ಗೋಡೆಯ ದಾವೆ ನಡೆಯುತ್ತಿತ್ತು. ವಕೀಲರು ಗೋಡೆಯ ಎತ್ತರ ಹೇಳಲು ಬಾಯಿ ತೆರೆದರು, ಗುಮಾಸ್ತರ ಫೋನು ಮೇಜಿನ ಗಾಜಿನ ಮೇಲೆ ಗರಗರ ಎಂದು ಕುಣಿಯಿತು. ಜಡ್ಜ್ ಸಾಹೇಬರು ಕನ್ನಡಕ ತೆಗೆದರು.

"ಅದ್ಯಾರು ಗುಮಾಸ್ತರೇ, ಹೊಸ ಕಕ್ಷಿದಾರನೋ?"

"ಬೆಕ್ಕು, ಸ್ವಾಮಿ."

"ಏನಂದ್ರಿ?"

"ನಮ್ಮನೆ ಬಾಗಿಲಿಗೆ ಬೆಕ್ಕು ಬಂದಿದೆ, ಸ್ವಾಮಿ. ನಾನು ಗೊತ್ತಾಯ್ತು ಅಂತ ಒತ್ತಬೇಕು. ಇಲ್ಲದಿದ್ರೆ ಸೈರನ್ ಕೂಗುತ್ತೆ."

"ಒತ್ತಿ," ಎಂದರು ಸಾಹೇಬರು ಬಹಳ ಶಾಂತವಾಗಿ. "ಇನ್ನೊಂದು ಸಲ ನಿಮ್ಮ ಬೆಕ್ಕು ಈ ಕೋರ್ಟ್ ಹಾಲಿಗೆ ಬಂದ್ರೆ, ಬೆಕ್ಕನ್ನೂ ನಿಮ್ಮನ್ನೂ ಸೇರಿಸಿ ರೆಕಾರ್ಡ್ ರೂಮಿಗೆ ಕಳಿಸ್ತೀನಿ."

ರೆಕಾರ್ಡ್ ರೂಮು ನೆಲಮಾಳಿಗೆಯಲ್ಲಿತ್ತು. ಅಲ್ಲಿ ಕೆಲಸ ಮಾಡಿದವರು ನಿವೃತ್ತಿಯಾದ ಮೇಲೂ ಸೀನುತ್ತಲೇ ಇರುತ್ತಿದ್ದರು. ಗುಮಾಸ್ತರು ಅವತ್ತೇ ಪಣ ತೊಟ್ಟರು: ಎಚ್ಚರಿಕೆಗಳು ತಾವಾಗಿಯೇ ಬರಬೇಕು, ತಾವಾಗಿಯೇ ತೊಲಗಬೇಕು, ನಡುವೆ ತಮ್ಮ ಹೆಬ್ಬೆರಳಿಗೆ ಕೆಲಸ ಇರಬಾರದು.

"ಏನಾದ್ರೂ ಮಾಡ್ಕೊಳ್ಳಿ," ಎಂದಳು ಹೆಂಡತಿ. "ಆದ್ರೆ ಎಲ್ಲಾನೂ ನಿಲ್ಲಿಸಿಬಿಡಬೇಡಿ. ನಮ್ಮಮ್ಮ ಬಂದ್ರೆ ನನಗೆ ಗೊತ್ತಾಗಬೇಕು."

ಇದನ್ನು ಹೇಳುವಾಗ ಅವಳು ಕಿಟಕಿಯ ಪರದೆಯ ಕಡೆ ನೋಡಿದಳು. ಆ ನೀಲಿ ಪರದೆಗೊಂದು ಚರಿತ್ರೆಯುಂಟು. ಅವಳ ತಾಯಿ ಹೆಣ್ಣುಮಕ್ಕಳ ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದವರು. ನಿವೃತ್ತರಾದ ಮೇಲೂ ತಿದ್ದುವ ಚಟ ಬಿಟ್ಟಿರಲಿಲ್ಲ. ಹೋದ ವರ್ಷ ಬಂದವರು, ನೆಂಟರೆಲ್ಲ ಕೂತಿದ್ದಾಗ, "ಇದೇನೇ, ಆಸ್ಪತ್ರೆ ವಾರ್ಡಿಗೆ ಹಾಕೋ ಪರದೆ ತಂದು ಹಾಕಿದ್ದೀಯಾ?" ಎಂದರು. ಮಗಳು, "ನೋಡೋಕಾಗದಿದ್ರೆ ಬರಬೇಡ," ಎಂದಳು. ಅವರು ನಿಜವಾಗಿಯೂ ಬರಲಿಲ್ಲ. ಅಂದಿನಿಂದ ತಾಯಿ ಮಗಳ ನಡುವೆ ಮಾತಿಲ್ಲ. ಮಗಳು ಮಾತ್ರ ಪ್ರತಿ ಸಲ ಕರೆಗಂಟೆ ಸದ್ದಾದಾಗ ಕೈಕೆಲಸ ಬಿಟ್ಟು ಓಡುತ್ತಾಳೆ, ಹಾಲಿನವನ ಮುಖ ನೋಡಿ ಸಪ್ಪೆಯಾಗಿ ವಾಪಸು ಬರುತ್ತಾಳೆ. ಇದು ಗುಮಾಸ್ತರಿಗೂ ಗೊತ್ತಿತ್ತು.

ಪ್ರಯತ್ನಗಳು ಶುರುವಾದವು. ಮೊದಲು ಗುಮಾಸ್ತರು 'ಪ್ರಾಣಿಗಳನ್ನು ಲೆಕ್ಕಿಸಬೇಡ' ಎಂದು ಆಜ್ಞೆ ಹೊರಡಿಸಿದರು. ದ್ವಾರಪಾಲಕ ತಲೆಬಾಗಿ ಒಪ್ಪಿಕೊಂಡ. ಸಂಜೆ 'ಇಂದು ಬಾಗಿಲಲ್ಲಿ ಕಂಡ ಪ್ರಾಣಿಗಳು' ಎಂದು ಚಿತ್ರಸಮೇತ ವರದಿ ಬಂತು. ಒಂದು ಬೆಕ್ಕು, ಒಂದು ನಾಯಿ, ಮತ್ತು ಬೂದುಬಣ್ಣದ ಶಾಲು ಹೊದ್ದು ಬಗ್ಗಿ ಮೆಟ್ಟಿಲು ಗುಡಿಸುತ್ತಿದ್ದ ಗುಮಾಸ್ತರ ತಾಯಿ.

"ಇದೇನೋ ಇದು, ನನ್ನನ್ನ ತಗೊಂಡ್ಹೋಗಿ ದನದ ಸಾಲಿಗೆ ಸೇರಿಸಿದೆ!" ಎಂದು ಮುದುಕಿ ಕಣ್ಣೊರೆಸಿಕೊಂಡರು. "ಈ ಮನೇಲಿ ನನ್ನ ಬೆಲೆ ಏನು ಅಂತ ಅದಕ್ಕೂ ಗೊತ್ತಾಗಿಹೋಗಿದೆ."

"ಅಮ್ಮಾ, ಅದು ಯಂತ್ರ ಕಣಮ್ಮ."

"ಯಂತ್ರಕ್ಕೆ ಕಲಿಸಿದವನು ನೀನೇ ತಾನೇ?"

ಎರಡನೆಯ ಪ್ರಯತ್ನ ಇನ್ನೂ ಘನವಾದದ್ದು. 'ಎಚ್ಚರಿಕೆ ಬಂದ ಕೂಡಲೇ ನೀನೇ ತೆಗೆದುಹಾಕು' ಎಂದು ಗುಮಾಸ್ತರು ಅಪ್ಪಣೆ ಕೊಟ್ಟರು. ದ್ವಾರಪಾಲಕ ತೆಗೆದುಹಾಕಿದ. ತೆಗೆದುಹಾಕಿ, 'ನಿಮ್ಮ ಪರವಾಗಿ ಒಂದು ಎಚ್ಚರಿಕೆಯನ್ನು ತೆಗೆಯಲಾಗಿದೆ, ತಮಗೆ ಒಪ್ಪಿಗೆಯೇ?' ಎಂದು ಕೇಳಿದ. ಒಪ್ಪಿಗೆ ಎಂದು ಒತ್ತಿದರೆ, 'ತಮ್ಮ ಒಪ್ಪಿಗೆಯನ್ನು ದಾಖಲಿಸಲಾಗಿದೆ' ಎಂದು ಮತ್ತೊಂದು ಸಲ ಗುದ್ದಿದ. ಮೊದಲು ಬೆಕ್ಕಿಗೆ ಒಂದು ಗುದ್ದು ಇತ್ತು, ಈಗ ಮೂರಾಯಿತು. ಗುಮಾಸ್ತರು ಊಟದ ಬಿಡುವಿನಲ್ಲಿ ಕೋರ್ಟಿನ ಮೆಟ್ಟಿಲ ಮೇಲೆ ಕೂತು ತಲೆಯ ಮೇಲೆ ಕೈ ಹೊತ್ತರು. ನಂತರ ಸಹಾಯವಾಣಿಗೆ ಫೋನು ಮಾಡಿದರು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಸಾರ್, ಮನೆಯವರು, ಬಂದು ಹೋಗೋರು, ಎಲ್ಲರ ಫೋಟೋನೂ ಹಾಕಿ ಹೆಸರು ಕೊಟ್ಬಿಡಿ. ಒಂದೊಂದು ಹೆಸರಿಗೂ ಒಂದೊಂದು ನಿಯಮ ಬರೀರಿ. ಆಮೇಲೆ ಅದು ನಿಮ್ಮನ್ನ ಏನೂ ಕೇಳಲ್ಲ."

"ಏನೂ ಕೇಳಲ್ವಾ?"

"ಏನೂ ಕೇಳಲ್ಲ ಸಾರ್. ನೀವು ಬರೆದದ್ದೇ ಕೊನೆ ಮಾತು."

ಮದುವೆಯಾದಾಗಿನಿಂದ ತಮ್ಮ ಮಾತು ಕೊನೆಯ ಮಾತಾದ ಅನುಭವವೇ ಇಲ್ಲದ ಗುಮಾಸ್ತರಿಗೆ ಇದು ಅಮೃತದಂತೆ ಕೇಳಿಸಿತು. ಮನೆಗೆ ಬಂದವರೇ ಫೋಟೋ ಹಾಕುವ ಕೆಲಸವನ್ನು ಹೆಂಡತಿಗೆ ವಹಿಸಿ ಪತ್ರಿಕೆ ಹಿಡಿದು ಕೂತರು.

"ಹೆಸರು ಏನಂತ ಕೊಡ್ಲಿ?" ಎಂದು ಅವಳು ಕೇಳಿದಳು.

"ದಿನಾ ಏನಂತ ಕರೀತೀವೋ ಅದನ್ನೇ ಕೊಡು," ಎಂದರು ಇವರು, ತಲೆಯೆತ್ತದೆ.

ಅವಳು ಎಲ್ಲರಿಗಿಂತ ಮೊದಲು ಆಲ್ಬಮ್ಮಿನಿಂದ ತನ್ನ ತಾಯಿಯ ಫೋಟೋ ತೆಗೆದು ಹಾಕಿದಳು. ಆಮೇಲೆ ಗುಮಾಸ್ತರ ತಾಯಿಯದು. ಆಮೇಲೆ ಹಾಲಿನವನದು, ಪತ್ರಿಕೆಯವನದು.

ಅದು ಮುಗಿದ ಮೇಲೆ ಗುಮಾಸ್ತರು ನಿಯಮ ಬರೆಯಲು ಕೂತರು. ಆ ಪುಟದಲ್ಲಿ ಫೋಟೋ ಇರಲಿಲ್ಲ, ಬರೀ ಹೆಸರುಗಳು. 'ಅಮ್ಮ' ಎಂದಿತ್ತು. ಹಗಲೆಲ್ಲ ಒಳಗೆ ಹೊರಗೆ ಓಡಾಡುವವಳು ಇವಳೇ ತಾನೇ ಎಂದುಕೊಂಡು, 'ಕರೆಗಂಟೆ ಬಾರಿಸಬೇಡ, ನನಗೆ ತಿಳಿಸಬೇಡ, ಎಚ್ಚರಿಕೆ ತೆಗೆದುಹಾಕು' ಎಂದು ಗುರುತು ಹಾಕಿದರು. 'ತೆಗೆದುಹಾಕುವಾಗ ಏನೆಂದು ಹೇಳಲಿ?' ಎಂದು ಯಂತ್ರ ಒಂದು ಖಾಲಿ ಜಾಗ ತೋರಿಸಿತು. ಬೇರೆಯವರಾಗಿದ್ದರೆ 'ಸರಿ' ಎಂದು ಬರೆದು ಮಲಗುತ್ತಿದ್ದರು. ಆದರೆ ಇವರು ಇಡೀ ಆಯುಷ್ಯ ಅರ್ಜಿಗಳ ಮೇಲೆ ಒಂದೇ ವಾಕ್ಯ ಬರೆದು ಬೆರಳು ಸವೆಸಿಕೊಂಡವರು. ಕೈ ತಾನಾಗಿಯೇ ಬರೆಯಿತು: 'ಅಮ್ಮನನ್ನು ವಜಾಗೊಳಿಸಲಾಗಿದೆ.' ಮತ್ತೆ ಬಂದರೆ? 'ಅಮ್ಮನ ಮರುಮನವಿಯನ್ನೂ ವಜಾಗೊಳಿಸಲಾಗಿದೆ.' ಮೂರನೆಯ ಸಲ ಬಂದರೆ? 'ಇನ್ನು ಮೇಲ್ಮನವಿಗೆ ಅವಕಾಶವಿರುವುದಿಲ್ಲ.' ಓದಿಕೊಂಡರು. ಬಹಳ ಶಿಸ್ತಾಗಿದೆ ಎನ್ನಿಸಿತು. ಕೆಳಗೆ 'ಬಾಗಿಲ ಹೊರಗೆ ಗಟ್ಟಿಯಾಗಿ ಓದು' ಎಂಬ ಚೌಕದಲ್ಲಿ ಮೊದಲೇ ಒಂದು ಗುರುತು ಬಿದ್ದಿತ್ತು. ತಮ್ಮದಲ್ಲದ ಗುರುತನ್ನು ಅಳಿಸುವುದು ಕೋರ್ಟಿನಲ್ಲಿ ಅಪರಾಧ, ಹಾಗಾಗಿ ಅದನ್ನು ಮುಟ್ಟಲಿಲ್ಲ.

ಕೆಳಗಿನ ಹೆಸರು 'ಅತ್ತೆ'. ಅದಕ್ಕೆ ಗುಮಾಸ್ತರು ತಮ್ಮ ಪ್ರತಿಭೆಯನ್ನೆಲ್ಲ ಸುರಿದರು. 'ಅತ್ತೆಯವರಿಗೆ ಹಾರ್ದಿಕ ಸುಸ್ವಾಗತ! ಈ ಮನೆ ತಮ್ಮದೇ. ದಯಮಾಡಿ ಒಳಗೆ ಬನ್ನಿ.' ಜೊತೆಗೆ ಕರೆಗಂಟೆ ಜೋರಾಗಿ ಬಾರಿಸಬೇಕು, ತಮ್ಮ ಫೋನಿಗೂ ತಿಳಿಸಬೇಕು. ಉಳಿದವರನ್ನೆಲ್ಲ ಒಂದೇ ಏಟಿಗೆ ಮೌನವಾಗಿ ತೆಗೆದುಹಾಕಿ, ಅವತ್ತು ಗುಮಾಸ್ತರು ನೆಮ್ಮದಿಯಾಗಿ ನಿದ್ದೆ ಮಾಡಿದರು.

ನೆಮ್ಮದಿ ಕೋರ್ಟಿನ ಬಾಗಿಲವರೆಗೆ ಮಾತ್ರ ಇತ್ತು. 'ಪರಿಚಿತರು ಬಾಗಿಲಲ್ಲಿದ್ದಾರೆ' ಎಂದು ಫೋನು ಗುದ್ದಿತು. ಸ್ವಲ್ಪ ಹೊತ್ತಿಗೆ ಮತ್ತೆ ಪರಿಚಿತರು. ಮತ್ತೆ ಪರಿಚಿತರು! ಬೆಕ್ಕು ನಾಯಿಗಳ ಕಾಟ ತೊಲಗಿತ್ತು ನಿಜ. ಅತ್ತೆ ಬಂದಿದ್ದರೆ ಹೆಂಡತಿಯ ಫೋನು ಬರುತ್ತಿತ್ತು, ಅದೂ ಬಂದಿರಲಿಲ್ಲ. ಆದರೆ ಈ ಪರಿಚಿತರು ಯಾರೋ, ಅವರಿಗೆ ಬಾಗಿಲಲ್ಲದೆ ಬೇರೆ ಕೆಲಸವೇ ಇದ್ದಂತಿರಲಿಲ್ಲ. ಗುಮಾಸ್ತರು ಫೈಲಿನ ಕೆಳಗೆ ಫೋನಿಟ್ಟು, ಬಲಗೈಯಲ್ಲಿ ಮೊಹರು ಹಾಕುತ್ತ, ಎಡಗೈ ಹೆಬ್ಬೆರಳಿನಲ್ಲಿ ಒತ್ತುತ್ತ, ಸಾಹೇಬರ ಕಣ್ಣು ತಪ್ಪಿಸುತ್ತ ಹಣ್ಣಾದರು. ಸಹಾಯವಾಣಿಯ ಹುಡುಗಿ, "ನಿಯಮ ಸರಿಯಾಗೇ ಕೆಲಸ ಮಾಡ್ತಿದೆ ಸಾರ್," ಎಂದಳು. ಇವರಿಗೆ ಅಳು ಬಂತು.

ಮನೆಯಲ್ಲಿ ಹೆಂಡತಿಯದು ಬೇರೆಯೇ ದೂರು.

"ರೀ, ಅತ್ತೆಗೆ ಏನೋ ಆಗಿದೆ. ದಿನವೆಲ್ಲ ಆಚೆ ಹೋಗ್ತಾರೆ, ಬರ್ತಾರೆ, ಪ್ರತಿ ಸಲ ಬೆಲ್ ಹೊಡ್ಕೊಳ್ಳುತ್ತೆ. ಅಮ್ಮ ಬಂದ್ಲೇನೋ ಅಂತ ಓಡಿ ಓಡಿ ನನ್ನ ಕಾಲು ಬಿದ್ದುಹೋಯ್ತು. ಬಂದವರು ಸುಮ್ನೆ ಇರಲ್ಲ, ನನ್ನ ಕೈ ಹಿಡ್ಕೊಂಡು 'ನೀನು ಬಂಗಾರದಂಥ ಸೊಸೆ ಕಣಮ್ಮ' ಅಂತಾರೆ. ನನಗೆ ಭಯ ಆಗ್ತಿದೆ. ಡಾಕ್ಟರಿಗೆ ತೋರಿಸೋಣ್ವಾ?"

"ಹೊಗಳಿದ್ದಕ್ಕೆ ಯಾವ ಡಾಕ್ಟರು ಔಷಧಿ ಕೊಡ್ತಾನೆ? ಸುಮ್ನಿರೇ," ಎಂದರು ಗುಮಾಸ್ತರು. ಅವರ ತಲೆ ಅವರಿಗೇ ಭಾರವಾಗಿತ್ತು.

ಅದೇ ವಾರ ಅವರಿಗೆ ಹೆಡ್‌ಮಿಸ್ಟ್ರೆಸ್ಸರ ಫೋನು ಬಂತು. "ಅಳಿಯಂದಿರೇ, ನಾಳೆ ಮಧ್ಯಾಹ್ನ ಬರ್ತೀನಿ ಅಂತ ಅವಳಿಗೆ ಹೇಳಿ. ಬಂದು, ಪರದೆ ಚೆನ್ನಾಗೇ ಇದೆ ಅಂತ ಹೇಳ್ತೀನಿ. ಇದನ್ನ ಮಾತ್ರ ಈಗಲೇ ಹೇಳಬೇಡಿ. ನನಗೂ ವಯಸ್ಸಾಯ್ತು. ಮಗಳ ಹತ್ರ ಎಷ್ಟು ದಿನ ಅಂತ ಬಿಗುಮಾನ?"

ಸುದ್ದಿ ಕೇಳಿ ಹೆಂಡತಿ ಕುರ್ಚಿ ಹತ್ತಿ ನೀಲಿ ಪರದೆಗಳನ್ನು ಬಿಚ್ಚಿದಳು. ಮಾರನೆಯ ದಿನ ಬೆಳಗಿನಿಂದಲೇ ಕಿಟಕಿಯ ಹತ್ತಿರ ನಿಂತುಕೊಂಡಳು. ಗುಮಾಸ್ತರು ಕೋರ್ಟಿಗೆ ಹೊರಡುವಾಗ, "ಹೀಗೆ ನಿಂತು ಕಾಲು ನೋಯಿಸ್ಕೋಬೇಡ. ದ್ವಾರಪಾಲಕ ಇದ್ದಾನಲ್ಲ, ಅವರು ಬಂದ ತಕ್ಷಣ ಮನೆ ಅದುರೋ ಹಾಗೆ ಬಾರಿಸ್ತಾನೆ. ನನ್ನ ಮಾತು ನಂಬು," ಎಂದು ಎದೆ ತಟ್ಟಿಕೊಂಡು ಹೇಳಿ ಹೋದರು. ಪಾಪ, ಅವಳು ನಂಬಿದಳು.

ಸಂಜೆ ಮನೆಗೆ ಬಂದರೆ ದೀಪ ಹಾಕಿರಲಿಲ್ಲ. ಹೆಂಡತಿ ಬೋಳು ಕಿಟಕಿಯ ಕೆಳಗೆ ಕೂತಿದ್ದಳು. "ಅಮ್ಮ ಬರಲೇ ಇಲ್ಲ ರೀ," ಎಂದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಗುಮಾಸ್ತರು ಹೊರಗೆ ಬಂದು ಹೆಡ್‌ಮಿಸ್ಟ್ರೆಸ್ಸರಿಗೆ ಫೋನು ಮಾಡಿದರು.

"ಬರಲಿಲ್ವಾ? ಬಂದಿದ್ದೆ!" ಎಂದು ಆ ಕಡೆಯಿಂದ ಗುಡುಗು ಬಂತು. "ಬೆಲ್ ಒತ್ತಿದೆ. ಒಳಗಿಂದ ಒಂದು ಸದ್ದಿಲ್ಲ. ಬಾಗಿಲೇ ಮಾತಾಡ್ತು. 'ಅಮ್ಮನನ್ನು ವಜಾಗೊಳಿಸಲಾಗಿದೆ' ಅಂತು. ತಪ್ಪಾಗಿ ಕೇಳಿಸ್ಕೊಂಡೆನೇನೋ ಅಂತ ಮತ್ತೆ ಒತ್ತಿದೆ. ಮರುಮನವಿಯನ್ನೂ ವಜಾ ಮಾಡಿದ್ದಾರಂತೆ! ಮೂರನೇ ಸಲ ಒತ್ತಿದ್ದು ನನ್ನ ಬುದ್ಧಿಗೇಡಿತನ. ಮೇಲ್ಮನವಿಗೂ ಅವಕಾಶ ಇಲ್ಲವಂತೆ!"

ಗುಮಾಸ್ತರು ಫೋನನ್ನು ಕಿವಿಯಿಂದ ತುಸು ದೂರ ಹಿಡಿದರು. ಒಂದೊಂದು ಪದವೂ ತಮ್ಮದೇ ಕೈಬರಹ.

"ಅತ್ತೆ, ಅದು..."

"ನೀವು ಸುಮ್ನಿರಿ. ನಿಮ್ಮ ತಪ್ಪಿಲ್ಲ. ನೀವು ಯಾವತ್ತೂ ನನ್ನನ್ನ ಅತ್ತೆ ಅಂತೀರಿ. ಅಮ್ಮ ಅಂತ ಕರೆಯೋಳು ಲೋಕದಲ್ಲಿ ಅವಳೊಬ್ಬಳೇ. ಅವಳೇ ಹೇಳಿಸಿದ್ದು. ಅದೂ ಕರ್ಮಣಿ ಪ್ರಯೋಗದಲ್ಲಿ! 'ವಜಾಗೊಳಿಸಲಾಗಿದೆ' ಅಂತೆ. ಮಾಡಿದವರು ಯಾರು ಅಂತ ಹೇಳೋ ಧೈರ್ಯ ಇಲ್ಲದೋರು ಬರೆಯೋ ವಾಕ್ಯ ಅದು. ನಾನು ಕಲಿಸಿದ ವ್ಯಾಕರಣ ನನಗೇ ತಿರುಗಿಸಿದಳು."

ಆಗ ಗುಮಾಸ್ತರಿಗೆ ಬೆಳಕು ಹರಿಯಿತು. ಫೋಟೋ ಹಾಕಿದವಳು ಹೆಂಡತಿ, ನಿಯಮ ಬರೆದವರು ತಾವು. ಅವಳ 'ಅಮ್ಮ' ತಮಗೆ ಅತ್ತೆ. ಅವಳ 'ಅತ್ತೆ' ತಮಗೆ ಅಮ್ಮ. ವಜಾ ಹೋಗಿ ಒಬ್ಬರಿಗೆ ಬಡಿದಿತ್ತು, ಸುಸ್ವಾಗತ ಹೋಗಿ ಇನ್ನೊಬ್ಬರಿಗೆ ತಗುಲಿತ್ತು.

ಬಾಯಿ ಮುಚ್ಚಿಕೊಂಡಿದ್ದರೆ ಗುಮಾಸ್ತರು ಪಾರಾಗಿಬಿಡುತ್ತಿದ್ದರು. ಸಾಕ್ಷ್ಯವೆಲ್ಲ ಹೆಂಡತಿಯ ವಿರುದ್ಧವೇ ಇತ್ತು. ಆ ಯೋಚನೆ ಅವರಿಗೆ ಬರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ, ಬಂತು, ಮೆಟ್ಟಿಲ ಮೇಲೆ ಸಾಕಷ್ಟು ಹೊತ್ತು ಅವರ ಜೊತೆ ಕೂತೂ ಇತ್ತು. ಆದರೆ ಒಳಗಿನಿಂದ ಹೆಂಡತಿಯ ಮೂಗು ಸೀಟುವ ಸದ್ದು ಕೇಳುತ್ತಿತ್ತು. ಅದನ್ನು ಕೇಳುತ್ತ ಕೂರಲು ಅವರಿಂದಾಗಲಿಲ್ಲ. ಬೆಳಗಾಗುತ್ತಲೇ ದ್ವಾರಪಾಲಕನ ಬಾಯಿ ಮುಚ್ಚಿಸಿ, ರಜೆ ಹಾಕಿ, ಹೆಡ್‌ಮಿಸ್ಟ್ರೆಸ್ಸರ ಮನೆಗೆ ಹೋಗಿ, ಕೈಕಾಲು ಹಿಡಿದು, ಆಟೋದಲ್ಲಿ ಕೂರಿಸಿಕೊಂಡು ಬಂದರು.

ಬಾಗಿಲು ತೆರೆದ ಹೆಂಡತಿ ತಾಯಿಯನ್ನು ನೋಡಿದಳು. ತಾಯಿ ಹೊಸಿಲಿನಾಚೆಯೇ ನಿಂತರು. ಗುಮಾಸ್ತರು ಗಂಟಲು ಸರಿಮಾಡಿಕೊಂಡು, ಸಾಕ್ಷಿಕಟ್ಟೆಯಲ್ಲಿ ನಿಂತವರಂತೆ ಫೋನನ್ನು ಎದೆಯ ಮುಂದೆ ಹಿಡಿದು, ನಡೆದದ್ದನ್ನು ಮೊದಲಿನಿಂದ ಹೇಳಿದರು.

"ಹಾಗಾದ್ರೆ ಆ ವಾಕ್ಯ ಬರೆದದ್ದು ನೀವು?" ಎಂದರು ಹೆಡ್‌ಮಿಸ್ಟ್ರೆಸ್ಸರು.

"ನಾನೇ, ಅತ್ತೆ."

"ಇವಳಲ್ಲ?"

"ಅವಳಿಗೆ ಗೊತ್ತೇ ಇಲ್ಲ. ಅವಳು ಎಲ್ಲರಿಗಿಂತ ಮೊದಲು ನಿಮ್ಮ ಫೋಟೋನೇ ಹಾಕಿದ್ದು. ಮೊನ್ನೆ ನಿಮಗೋಸ್ಕರ ಪರದೇನೂ ಬಿಚ್ಚಿಹಾಕಿದ್ದಾಳೆ, ನೋಡಿ."

ಹೆಡ್‌ಮಿಸ್ಟ್ರೆಸ್ಸರು ಬೋಳು ಕಿಟಕಿ ನೋಡಿದರು. "ಅಯ್ಯೋ ಹುಚ್ಚಿ, ಚೆನ್ನಾಗಿತ್ತಲ್ಲೇ," ಎಂದರು. ಹೊಸಿಲು ದಾಟಿದರು. ತಾಯಿ ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಗುಮಾಸ್ತರ ಕಣ್ಣೂ ಒದ್ದೆಯಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಗೆದ್ದ ಹುರುಪಿನಲ್ಲಿ ನಾಲಿಗೆಗೆ ಲಗಾಮು ಇರುವುದಿಲ್ಲ.

"ನಿಮ್ಮನ್ನ ವಜಾ ಮಾಡೋಷ್ಟು ಧೈರ್ಯ ನನಗೆಲ್ಲಿಂದ ಬರಬೇಕು ಅತ್ತೆ!" ಎಂದು ನಕ್ಕರು. "ನಿಮಗೆ ಅಂತ ಬರೆದದ್ದು ಸುಸ್ವಾಗತ. ವಜಾ ಬರೆದದ್ದು ನಮ್ಮಮ್ಮನಿಗೆ."

ಹಿಂದೆ ಏನೋ ಸದ್ದಾಯಿತು. ಗುಮಾಸ್ತರು ತಿರುಗಿದರು. ಅವರ ತಾಯಿ ಬೂದು ಶಾಲು ಹೊದ್ದು, ಹೊರಗೆ ಹೋಗಲೆಂದು ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ನಿಂತಿದ್ದರು.

"ಅತ್ತೆಯವರಿಗೆ ಸುಸ್ವಾಗತ ಅಂತ ಅದು ಹೇಳ್ತಿತ್ತಲ್ಲ," ಎಂದರು ಮುದುಕಿ ಮೆಲ್ಲಗೆ. "ಸೊಸೆ ನನಗೋಸ್ಕರ ಹಾಗೆ ಹೇಳಿಸಿದ್ದಾಳೆ ಅಂದ್ಕೊಂಡಿದ್ದೆ. ಈ ಮನೆ ತಮ್ಮದೇ ಅಂತ ಅದು ಹೇಳೋದನ್ನ ಕೇಳೋಕೆ ಅಂತ್ಲೇ ದಿನಕ್ಕೆ ಹತ್ತು ಸಲ ಆಚೆ ಹೋಗಿ ಬರ್ತಿದ್ದೆ ಕಣೋ. ಇಷ್ಟು ವರ್ಷದಲ್ಲಿ ನನಗೆ ಯಾರೂ ಹಾಗೆ ಹೇಳಿರ್ಲಿಲ್ಲ."

ಗುಮಾಸ್ತರು ಕೈಯಲ್ಲಿದ್ದ ಫೋನನ್ನು ನೋಡಿದರು. ಫೈಲಿನ ಕೆಳಗೆ ಕದ್ದು ಕದ್ದು ಹೆಬ್ಬೆರಳಿನಲ್ಲಿ ಒತ್ತಿ ತೊಲಗಿಸಿದ ಅಷ್ಟೂ ಎಚ್ಚರಿಕೆಗಳು ಇವಳೇ.

"ಅಮ್ಮಾ, ಹಾಗಲ್ಲ..."

"ಹಾಗೇ ಕಣೋ. ಮೊದಲು ದನ ಮಾಡಿದೆ. ಆಮೇಲೆ ವಜಾ ಮಾಡಿದೆ."

ಹೆಂಡತಿ ಅತ್ತೆಯ ಪಕ್ಕಕ್ಕೆ ಹೋಗಿ ನಿಂತು ಗಂಡನನ್ನು ನೋಡಿದ ನೋಟವನ್ನು ಬರೆಯಲು ಈ ಲೇಖನಿಗೆ ಶಕ್ತಿಯಿಲ್ಲ. ಹೆಡ್‌ಮಿಸ್ಟ್ರೆಸ್ಸರು ಮುದುಕಿಯ ಕೈ ಹಿಡಿದರು.

"ಬನ್ನಿ ಬೀಗರೇ, ನಾಲ್ಕು ದಿನ ನಮ್ಮನೇಲಿ ಇದ್ದು ಬರೋರಂತೆ. ನಮ್ಮ ಬಾಗಿಲಿಗೆ ಬರೀ ಚಿಲಕ ಇದೆ, ಅದಕ್ಕೆ ಬಾಯಿಲ್ಲ."

"ನಾನೂ ಬರ್ತೀನಿ," ಎಂದಳು ಹೆಂಡತಿ.

"ನೀನ್ಯಾಕೆ?" ಎಂದರು ಗುಮಾಸ್ತರು ಗಾಬರಿಯಾಗಿ.

"ನನ್ನಮ್ಮನೂ ಅಲ್ಲೇ, ನನ್ನ ಅತ್ತೇನೂ ಅಲ್ಲೇ. ಇಲ್ಲಿ ನನಗೇನಿದೆ?"

ಮೂವರೂ ಅದೇ ಆಟೋದಲ್ಲಿ ಹೊರಟುಹೋದರು.

ಮಾರನೆಯ ದಿನ ಕೋರ್ಟಿನಲ್ಲಿ ಗುಮಾಸ್ತರ ಫೋನು ಒಂದು ಸಲವೂ ಅಲುಗಲಿಲ್ಲ. ಸಾಹೇಬರು ಒಮ್ಮೆ ಅವರತ್ತ ನೋಡಿ ಮೆಚ್ಚಿಗೆಯಿಂದ ತಲೆಯಾಡಿಸಿದರು. ಗುಮಾಸ್ತರು ಮಾತ್ರ ಫೈಲಿನ ಕೆಳಗಿನ ಫೋನನ್ನು ಹೊರಗೆ ತೆಗೆದು ತೆಗೆದು ನೋಡುತ್ತಿದ್ದರು. ಒಂದು ಬೆಕ್ಕಾದರೂ ಬರಬಾರದೇ ಎನ್ನಿಸಿತು. ಸಂಜೆ ಮೊಹರು, ಫೈಲು ಎಲ್ಲ ಬೀರುವಿಗೆ ಹಾಕಿ ನೇರವಾಗಿ ಹೆಡ್‌ಮಿಸ್ಟ್ರೆಸ್ಸರ ಮನೆಗೆ ಹೋದರು. ಒಳಗೆ ಮೂವರೂ ಜೋರಾಗಿ ನಗುವುದು ಬೀದಿಗೇ ಕೇಳುತ್ತಿತ್ತು. ಇವರು ಚಿಲಕ ಬಡಿದರು. ನಗು ನಿಂತಿತು.

"ಯಾರದು?" ಹೆಂಡತಿಯ ದನಿ.

"ನಾನು ಕಣೇ. ಅಮ್ಮನ್ನ ಸ್ವಲ್ಪ ಕರಿ."

"ಯಾವ ಅಮ್ಮನ್ನ? ಇಲ್ಲಿ ಇಬ್ಬರಿದ್ದಾರೆ. ಸರಿಯಾಗಿ ಹೇಳಿ."

ಸಾವಿರಾರು ಅರ್ಜಿಗಳಿಗೆ ತಡವರಿಸದೆ ಉತ್ತರ ಬರೆದ ಗುಮಾಸ್ತರು ಮುಚ್ಚಿದ ಬಾಗಿಲ ಮುಂದೆ ತಡವರಿಸಿದರು. "ನನ್ನ ಅಮ್ಮನ್ನ," ಎಂದರು ಕೊನೆಗೆ, ಸಣ್ಣ ಹುಡುಗನ ದನಿಯಲ್ಲಿ.

ಒಳಗೆ ಏನೋ ಪಿಸುಪಿಸು ನಡೆಯಿತು. ಆಮೇಲೆ ಇಷ್ಟು ವರ್ಷ ಮಗನ ಬ್ಯಾಗು ಜೋಡಿಸಿ ಕೋರ್ಟಿಗೆ ಕಳಿಸಿದ್ದ ತಾಯಿಯ ದನಿ ಸ್ಪಷ್ಟವಾಗಿ ಕೇಳಿಸಿತು:

"ಇವತ್ತು ಆಗಲ್ಲ ಅಂತ ಹೇಳಮ್ಮ. ಮುಂದಿನ ವಾಯಿದೆಗೆ ಬರ್ಲಿ."